2025ರ ಕಂದು ಬಣ್ಣವನ್ನು ಹೊಸ ಸೀರೆ ಕೊಳ್ಳದೆ ಉಡುವುದು ಹೇಗೆ?

ಟ್ರಂಕಿನ ಕೀಲಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಮಾಡಿದ ತಪ್ಪನ್ನು ಈ ವರ್ಷವೂ ಮಾಡಬಾರದು ಎಂದು ಇಲ್ಲಿ ಕೇಳುತ್ತಿದ್ದೇನೆ.

ಬಣ್ಣಗಳಿಗೆ ಸಂಖ್ಯೆ ಕೊಟ್ಟು ಪಟ್ಟಿ ಮಾಡುವ ಅಮೆರಿಕದ ಪ್ಯಾಂಟೋನ್ ಸಂಸ್ಥೆ 2000ದಿಂದ ‘ವರ್ಷದ ಬಣ್ಣ’ವನ್ನು ಸಾರುತ್ತ ಬಂದಿದೆ. 2023ರಲ್ಲಿ ಮೆಜೆಂಟಾ, 2024ರಲ್ಲಿ ಪೀಚ್ ಹಣ್ಣಿನ ಬಣ್ಣ, 2025ಕ್ಕೆ ‘ಮೋಕಾ ಮೂಸ್’ ಎಂಬ ಹಾಲು ಬೆರೆತ ಕಾಫಿಯಂಥ ಕಂದು. ಹೋದ ವರ್ಷ ಪೀಚ್ ಬಣ್ಣದ ಸೀರೆ ಒಂದು, ಕುರ್ತಾ ಎರಡು ಕೊಂಡೆ. ಸೀರೆಯನ್ನು ಎರಡು ಸಲ ಉಟ್ಟಿದ್ದೇನೆ. ಕಪಾಟು ತೆರೆದಾಗಲೆಲ್ಲ ಅದನ್ನು ಕಂಡು ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಈಗ ತುಳಸಿ ಲಗ್ನ ಮುಗಿದ ಮೇಲೆ ಅಕ್ಕನ ಮಗಳ ಮದುವೆ ಇದೆ. ಆರತಕ್ಷತೆಯ ಸಂಜೆ ಮನೆಯ ಹೆಣ್ಣುಮಕ್ಕಳೆಲ್ಲ ಕಂದು ಬಣ್ಣದಲ್ಲಿ ಬರಬೇಕು ಎಂದು ಹುಡುಗಿಯರು ಗೊತ್ತು ಮಾಡಿದ್ದಾರೆ. ಅವರ ಉತ್ಸಾಹಕ್ಕೆ ಅಡ್ಡ ಬರುವ ಮನಸ್ಸು ನನಗಿಲ್ಲ. ಆದರೆ ಒಂದು ಸಂಜೆಗಾಗಿ ಮತ್ತೊಂದು ಸೀರೆ ಕೊಳ್ಳಲಾರೆ. ಮನೆಯಲ್ಲಿ ಇರುವುದು, ಇಲ್ಲವೇ ಯಾರೋ ಬಳಸಿ ಬಿಟ್ಟದ್ದು, ಅದೂ ಚೀಲ, ಚಪ್ಪಲಿ, ಬಳೆಯಂಥ ಸಣ್ಣ ವಸ್ತು, ಇಷ್ಟರಲ್ಲೇ ಮುಗಿಸಬೇಕು ಎಂದುಕೊಂಡಿದ್ದೇನೆ.

ನಿನ್ನೆ ಆಯಿಯ ಟ್ರಂಕು ತೆರೆದೆ. ಹಳೆಯ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋದಾಗ ಎತ್ತಿಕೊಂಡು ನವನಗರಕ್ಕೆ ಬಂದ ಟ್ರಂಕು ಅದು. ತಳದಲ್ಲಿ ಎರಡು ವಸ್ತು ಸಿಕ್ಕವು. ಒಂದು, ಹೊಲಿಸದೆ ಹಾಗೆಯೇ ಮಡಚಿಟ್ಟ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಕಾಚಿನ ಬಣ್ಣ, ಮೇಲೆ ಸಣ್ಣ ಸಣ್ಣ ತೇರು. ಇನ್ನೊಂದು, ಆಯಿ ಉಡುತ್ತಿದ್ದ ಇಳಕಲ್ ಸೀರೆ. ಒಡಲು ಬೆಲ್ಲದ ಬಣ್ಣ, ಸೆರಗು ಕೆಂಪು. ಒಂದು ಕಡೆ ನೂಲು ಸವೆದು ಕೈ ಹಿಡಿದರೆ ಕಾಣುವಷ್ಟು ತೆಳ್ಳಗಾಗಿದೆ, ಒಂದು ಸಣ್ಣ ತೂತೂ ಇದೆ.

ಖಣದಿಂದ ಏನು ಮಾಡಿಸಲಿ? ಸೀರೆಯನ್ನು ಕತ್ತರಿಸಿ ಚೀಲ, ದುಪಟ್ಟಾ ಮಾಡಬಹುದೇ? ಇನ್ನೂ ಒಂದು ಮಾತು: ನನ್ನ ಮೈಬಣ್ಣ ಕಪ್ಪು. ಕಂದು ಉಟ್ಟರೆ ಮುಖ ಮಂಕಾಗುತ್ತದೆ ಎಂದು ಚಿಕ್ಕಂದಿನಿಂದ ಕೇಳಿಸಿಕೊಂಡಿದ್ದೇನೆ.

ಸೂಜಿದಾರ, ಬೆಳಗಾವಿ

ತಂಗಿ, ಮೊದಲು ಖಣದ ಮಾತು. ಶಹಾಪುರದಲ್ಲಿ ಇಪ್ಪತ್ತು ವರ್ಷದಿಂದ ಹೊಲಿಗೆ ಮಾಡುತ್ತಿದ್ದೇನೆ. ಟ್ರಂಕಿನಿಂದ ಬಂದ ಖಣವನ್ನು ನೇರ ಮಷಿನ್‌ಗೆ ಹಾಕುವುದಿಲ್ಲ. ಮಡಿಕೆ ಬಿದ್ದ ಗೆರೆಯ ಎರಡೂ ಬದಿಯನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ‘ಚರ್’ ಎಂದು ಸದ್ದು ಬಂದರೆ ರೇಷ್ಮೆ ಒಣಗಿದೆ ಎಂದೇ ಅರ್ಥ. ಅಂಥ ಬಟ್ಟೆಯಲ್ಲಿ ಜಂಪರ್ (ಕುಪ್ಪಸ) ಹೊಲಿಸಬೇಡಿ, ಕಂಕುಳಲ್ಲಿ ಮೊದಲ ದಿನವೇ ಬಿಟ್ಟುಕೊಳ್ಳುತ್ತದೆ. ಸದ್ದು ಬರದಿದ್ದರೆ ಒಂದು ದಿನ ನೆರಳಿನಲ್ಲಿ ಹರವಿ, ಒಳಗೆ ತೆಳು ಹತ್ತಿಯ ಅಸ್ತರ ಕೊಟ್ಟು ಹೊಲಿಸಿ.

ಆದರೆ ನೀವು ಕೇಳಿದ್ದು ಸಣ್ಣ ವಸ್ತು. ನನ್ನ ಮಾತು ಕೇಳಿ ಎಲೆಸಂಚಿ ಮಾಡಿಸಿ. ನಮ್ಮ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸುತ್ತಿದ್ದ ಸಂಚಿಯೇ. ಎಲೆಗೆ ಒಂದು ಅರೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಇನ್ನೊಂದು ಇರುತ್ತಿತ್ತು. ಈಗ ಅದೇ ಅರೆಗಳಲ್ಲಿ ಮೊಬೈಲ್, ಕೀಲಿ, ಹತ್ತರ ನೋಟು ಕೂರುತ್ತವೆ. ಭಾರವೆಲ್ಲ ಅಸ್ತರಕ್ಕೆ ಬೀಳುವಂತೆ ಹೊಲಿದರೆ ಖಣಕ್ಕೆ ಏನೂ ಆಗದು, ಅದು ಮೇಲೆ ಕಾಣುವುದಕ್ಕೆ ಮಾತ್ರ. ಲಾಡಿಯನ್ನು ಖಣದ ಅಂಚಿನಿಂದ ಮಾಡಬೇಡಿ, ಎಳೆದೆಳೆದು ಹರಿಯುತ್ತದೆ.

ಮೈಬಣ್ಣದ ಮಾತಿಗೆ ಆಮೇಲೆ ಬರುತ್ತೇನೆ. ಗಿರಾಕಿ ಬಂದಿದ್ದಾರೆ.

ಎರೆಹೊಲ, ಜಮಖಂಡಿ

ನನ್ನದು ಭಿನ್ನ ಅಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ. ಎಲ್ಲೋ ಕೂತ ಸಂಸ್ಥೆಯೊಂದು ‘ಈ ವರ್ಷ ಕಂದು’ ಎಂದರೆ ಬಾಗಲಕೋಟೆಯ ಮದುವೆಯಲ್ಲಿ ನಾವೇಕೆ ಕಂದು ಉಡಬೇಕು? ಮದುವೆ ಎಂದರೆ ನಮ್ಮಲ್ಲಿ ಹಸಿರು, ಕೆಂಪು, ಅರಿಶಿನ. ನವರಾತ್ರಿಯ ಒಂಬತ್ತು ಬಣ್ಣದ ಪಟ್ಟಿಯೂ ಹೀಗೆಯೇ ಶುರುವಾಗಿ ಈಗ ಕಚೇರಿಗಳಲ್ಲಿ ಕಡ್ಡಾಯದಂತಾಗಿದೆ. ಬೂದು ಬಣ್ಣದ ಸೀರೆ ಇಲ್ಲವೆಂದು ನನ್ನ ಸೊಸೆ ಶನಿವಾರದ ಹಿಂದಿನ ಸಂಜೆ ಅಂಗಡಿಗೆ ಓಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಂಬಳ ಅವಳದೇ, ನಾನು ಬೈಯುವುದಿಲ್ಲ. ಆದರೆ ಆಸೆಯೂ ಅವಳದೇ ಆಗಿರಲಿ ಎಂದು ಅನಿಸುತ್ತದೆ.

ಟ್ರಂಕಿನ ಕೀಲಿ, ಬಾಗಲಕೋಟೆ

ಕಾಕಾ, ನಿಮ್ಮ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಕಂದು ಹೊರಗಿನಿಂದ ಬಂದ ಬಣ್ಣ ಎಂಬುದನ್ನು ಒಪ್ಪಲಾರೆ. ಹೆಸರು ಹೊರಗಿನದು, ಬಣ್ಣ ನಮ್ಮದು. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಪೆಂಟೆ ಒಡೆದಾಗ ಒಳಗೆ ಕಾಣುವುದು ಇದೇ ಬಣ್ಣ. ಬಾದಾಮಿಯ ಗುಡ್ಡದ ಕಲ್ಲು ಸಂಜೆ ಬಿಸಿಲಿಗೆ ತಿರುಗುವುದೂ ಇದಕ್ಕೆ ಹತ್ತಿರದ ಬಣ್ಣಕ್ಕೆ. ಟ್ರಂಕಿನಲ್ಲಿ ಸೀರೆ ಕಂಡಾಗ ನನಗೆ ಮೊದಲು ನೆನಪಾದದ್ದು ಆಯಿಯ ಮಡಿಲು, ಕಾಫಿ ಆಮೇಲೆ. ಹುಡುಗಿಯರು ಕಂದು ಎನ್ನದಿದ್ದರೆ ಆ ಟ್ರಂಕನ್ನು ನಾನು ಈ ವರ್ಷ ತೆರೆಯುತ್ತಿರಲಿಲ್ಲ. ಅಷ್ಟು ಉಪಕಾರವಂತೂ ಆಗಿದೆ.

ನವರಾತ್ರಿಯ ವಿಷಯದಲ್ಲಿ ನಿಮ್ಮ ಸೊಸೆಗೆ ಒಂದು ಮಾತು ತಿಳಿಸಿ. ಆ ಪಟ್ಟಿಯ ಮೊದಲ ಏಳು ಬಣ್ಣ ವಾರದ ಮೇಲೆ ಹೋಗುತ್ತವೆ: ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ನೀಲಿ, ಗುರುವಾರ ಹಳದಿ, ಶುಕ್ರವಾರ ಹಸಿರು, ಶನಿವಾರ ಬೂದು, ಭಾನುವಾರ ಕಿತ್ತಳೆ. ವರ್ಷವರ್ಷವೂ ಅವೇ ಬರುತ್ತವೆ, ಸರದಿ ಮಾತ್ರ ಬದಲು. ನಮ್ಮ ಕಚೇರಿಯ ಹಿರಿಯರೊಬ್ಬರು ಒಂದು ಡಜನ್ ಗಾಜಿನ ಬಳೆಯಲ್ಲೇ ಆ ದಿನದ ಬಣ್ಣ ಮುಗಿಸುತ್ತಾರೆ. ಸೀರೆ ಅವರಿಗೆ ಬೇಕಾದದ್ದು.

ಮಗ್ಗದ ಮನೆ, ಇಳಕಲ್

ಸೀರೆಗೆ ಕತ್ತರಿ ಹಾಕುವ ಮೊದಲು ದಯವಿಟ್ಟು ಇದನ್ನು ಓದಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮಗ್ಗ ನಡೆಯುತ್ತಿದೆ.

ಸೀರೆಯನ್ನು ಉಲ್ಟಾ ಹಾಕಿ, ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಅಡ್ಡಕ್ಕೆ ಒಂದು ಸಣ್ಣ ಏಣು ಬೆರಳಿಗೆ ಸಿಗಬೇಕು. ಅದು ಕೊಂಡಿ. ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ ಇರುತ್ತದೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಯ ಕುಣಿಕೆಯೊಳಗೆ ಕೂಡಿಸುತ್ತಾರೆ. ಅದಕ್ಕೇ ಕೊಂಡಿ ಸೀರೆಗೆ ಹಾಸನ್ನು ಒಂದೊಂದು ಸೀರೆಗೂ ಬೇರೆಯಾಗಿ ಹೂಡಬೇಕು, ಉದ್ದಕ್ಕೆ ಹತ್ತಿಪ್ಪತ್ತು ಸೀರೆಯ ಹಾಸು ಹಾಕಿ ನೇಯಲು ಬರುವುದಿಲ್ಲ. ನಮ್ಮ ಅವ್ವ ಈ ಕೆಲಸಕ್ಕೆ ಕೂತರೆ ಬೆರಳಿಗೆ ಬೂದಿ ಹಚ್ಚಿಕೊಂಡು, ಮಾತಾಡದೆ, ಎಳೆ ಎಳೆ ಕೂಡಿಸುತ್ತಿದ್ದರು. ಸೆರಗಿನ ತೋಪುತೆನೆ ಎಂಬ ಬಿಳಿಯ ವಿನ್ಯಾಸ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊಂಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇತ್ತೀಚೆಗೆ ಹಳೆಯ ಇಳಕಲ್ ಸೀರೆಗಳನ್ನು ಸರಿಯಾಗಿ ಆ ಜಾಗದಲ್ಲೇ ಕತ್ತರಿಸಿ ಸೆರಗನ್ನು ದುಪಟ್ಟಾ ಎಂದೂ ಒಡಲನ್ನು ಕುರ್ತಾ ಎಂದೂ ಮಾರುವುದನ್ನು ನೋಡುತ್ತಿದ್ದೇನೆ. ಹೊಟ್ಟೆ ಉರಿಯುತ್ತದೆ.

ಈಗ ಉಪಾಯ. ನಿಮ್ಮ ಆಯಿ ಕಚ್ಚೆ ಹಾಕುತ್ತಿದ್ದರೇ? ಹಾಗಿದ್ದರೆ ಅದು ಒಂಬತ್ತು ವಾರದ, ಅಂದರೆ ಒಂಬತ್ತು ಗಜದ ಸೀರೆ ಇರಬಹುದು. ಅಳೆದು ನೋಡಿ. ಸವೆದ ಜಾಗ ಒಳತುದಿಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ತಿಳಿಸಿ.

ಗುಮ್ಮಟದ ನೆರಳು, ವಿಜಯಪುರ

ನಾನು ಕಾಲೇಜು ವಿದ್ಯಾರ್ಥಿನಿ. ಒಂದು ವರ್ಷದಿಂದ ಬಳಸಿದ ಬಟ್ಟೆ, ಚೀಲಗಳನ್ನೇ ಕೊಳ್ಳುತ್ತಿದ್ದೇನೆ. ನನಗಾದ ನಷ್ಟ ಅಕ್ಕನಿಗೆ ಆಗದಿರಲಿ ಎಂದು ಬರೆಯುತ್ತಿದ್ದೇನೆ.

ಮೊಬೈಲಿನಲ್ಲಿ ಫೋಟೊ ನೋಡಿ 450 ರೂಪಾಯಿಗೆ ಒಂದು ಕಂದು ಚೀಲ ತರಿಸಿದೆ. ಬಂದದ್ದು ಹೆಚ್ಚು ಕಡಿಮೆ ಕೆಂಪು. ಹಳದಿ ದೀಪದ ಕೆಳಗೆ ಫೋಟೊ ತೆಗೆದಿದ್ದರು. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ: ವಸ್ತುವನ್ನು ಬಿಳಿ ಹಾಳೆಯ ಮೇಲಿಟ್ಟು, ಹಗಲು ಬೆಳಕಿನಲ್ಲಿ, ಕಿಟಕಿಯ ಬಳಿ ಫೋಟೊ ತೆಗೆದು ಕಳಿಸಿ ಎಂದು ಕೇಳುತ್ತೇನೆ. ಹಾಳೆ ಹಳದಿಯಾಗಿ ಕಂಡರೆ ಬಣ್ಣವನ್ನು ನಂಬುವುದಿಲ್ಲ. ಕಂದು ಬಣ್ಣಕ್ಕೆ ಇದು ಮುಖ್ಯ, ಏಕೆಂದರೆ ಕೆಂಪು ಬೆರೆತ ಕಂದು, ಹಸಿರು ಬೆರೆತ ಕಂದು, ಬೂದು ಬೆರೆತ ಕಂದು ಒಂದಕ್ಕೊಂದು ಹೊಂದುವುದೇ ಇಲ್ಲ.

ಇನ್ನೊಂದು, ಕೃತಕ ಚರ್ಮದ ಹಳೆಯ ಚೀಲವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಹಿಡಿಕೆಯನ್ನು ಬಗ್ಗಿಸಿ ನೋಡದೆ ತೆಗೆದುಕೊಳ್ಳಬೇಡಿ. ಮೇಲಿನ ಲೇಪ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಕೊಳೆಯುತ್ತದೆ. ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕು ಕಂಡರೆ ಬೇಗನೆ ಸಿಪ್ಪೆ ಏಳುತ್ತದೆ, ರಿಪೇರಿ ಇಲ್ಲ. ನಿಜವಾದ ಚರ್ಮದಲ್ಲಿ ಸುಕ್ಕು ಮೂಡಿ, ಬಿಟ್ಟೊಡನೆ ಹರಡಿಕೊಳ್ಳುತ್ತದೆ.

ಒಳ್ಳೆಯದು ಸಿಕ್ಕಿದ್ದೂ ಇದೆ. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಅಜ್ಜಿಯೊಬ್ಬರು ನಮ್ಮ ಓಣಿಗೆ ಬರುತ್ತಾರೆ. ಅವರ ಗಂಟನ್ನು ಬಿಚ್ಚಿಸಿ ನೋಡಿದೆ. ತಳದಲ್ಲಿದ್ದ ಕಂದು ಉಣ್ಣೆಯ ಶಾಲನ್ನು 60 ರೂಪಾಯಿಗೆ ಕೊಟ್ಟರು.

ಕೃಷ್ಣಾ ತೀರ, ಅಥಣಿ

ಕಂದು ಎಂದು ಇಷ್ಟೆಲ್ಲ ಮಾತಾಗಿದೆ, ಕಾಲಿನ ಕಡೆ ಯಾರೂ ನೋಡಲಿಲ್ಲ! ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯನ್ನು ನಮ್ಮ ಅಥಣಿ, ನಿಪ್ಪಾಣಿಗಳಲ್ಲೂ ಮಾಡುತ್ತಾರೆ. ಅದಕ್ಕೆ ಸಿಕ್ಕಿರುವ ಭೌಗೋಳಿಕ ಗುರುತು (ಜಿಐ) ಎಂಟು ಜಿಲ್ಲೆಗಳಿಗೆ ಸೇರಿದ್ದು: ಆ ಕಡೆ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಈ ಕಡೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. 2025ರ ಜೂನ್‌ನಲ್ಲಿ ಮಿಲಾನ್‌ನ ಪ್ರದರ್ಶನದಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಪ್ರಾಡಾ ಇದೇ ಬಗೆಯ ಚಪ್ಪಲಿ ತೊಡಿಸಿದಾಗ ಮೊದಲು ನಮ್ಮವರ ಹೆಸರೇ ಇರಲಿಲ್ಲ. ಗದ್ದಲವಾದ ಮೇಲೆ ಭಾರತದ ಕೈಕೆಲಸದಿಂದ ಸ್ಫೂರ್ತಿ ಪಡೆದದ್ದನ್ನು ಒಪ್ಪಿಕೊಂಡರು.

ಆ ಕಂದು ಡಬ್ಬಿಯಿಂದ ಬಳಿದ ಬಣ್ಣವಲ್ಲ. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮಕ್ಕೆ ತಾನಾಗಿ ಬರುವ ಬಣ್ಣ. ಎಣ್ಣೆ ಉಣಿಸಿದಷ್ಟೂ ಗಾಢವಾಗುತ್ತದೆ. ಹೊಸ ಜೋಡು ತಂದ ದಿನ ಹೆಬ್ಬೆರಳಿನ ಉಂಗುರಕ್ಕೂ ಪಟ್ಟಿಗೂ ಹರಳೆಣ್ಣೆ ಸವರಿ ರಾತ್ರಿ ಬಿಡಿ, ಕಚ್ಚುವುದು ಕಡಿಮೆಯಾಗುತ್ತದೆ. ಮಳೆಯಲ್ಲಿ ಮೆಟ್ಟಬೇಡಿ. ನೆನೆದರೆ ಬಿಸಿಲಿಗಿಡದೆ ನೆರಳಲ್ಲಿ ಒಣಗಿಸಿ. ಒಂದು ವಿಷಯ ಮಾತ್ರ ಖಚಿತವಾಗಿ ಹೇಳುತ್ತೇನೆ: ಚಪ್ಪಲಿಯನ್ನು ಇನ್ನೊಬ್ಬರು ಬಳಸಿದ್ದು ಕೊಳ್ಳಬೇಡಿ, ಅದು ಮೊದಲ ಕಾಲಿನ ಅಚ್ಚು ಹಿಡಿದುಬಿಟ್ಟಿರುತ್ತದೆ. ನಿಮ್ಮದೇ ಹಳೆಯ ಜೋಡಿದ್ದರೆ ಅಟ್ಟೆ ಬದಲಿಸಿ, ಎಣ್ಣೆ ಹಚ್ಚಿಸಿ.

ಸೂಜಿದಾರ, ಬೆಳಗಾವಿ

ಮೈಬಣ್ಣದ ಮಾತು ಬಾಕಿ ಇತ್ತು. ತಂಗಿ, ‘ಮಂಕಾಗುತ್ತದೆ’ ಎಂದವರು ನಿಮ್ಮನ್ನು ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಲ್ಲಿಸಿ ನೋಡಿದ್ದಾರೆಯೇ? ನನ್ನ ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಹೆಣ್ಣುಮಕ್ಕಳು ಇದೇ ಮಾತು ಹೊತ್ತು ಬರುತ್ತಾರೆ. ನಾನು ಬಟ್ಟೆಯನ್ನು ಅವರ ಕೆನ್ನೆಯ ಬಳಿ ಹಿಡಿದು ತೋರಿಸುತ್ತೇನೆ. ಚರ್ಮದ ಬಣ್ಣಕ್ಕೆ ಸರಿಸಮನಾದ ಕಂದು ಮುಖದ ಪಕ್ಕದಲ್ಲೇ ಬಂದರೆ ಮಾತ್ರ ಎರಡೂ ಒಂದರಲ್ಲೊಂದು ಕರಗುತ್ತವೆ. ಅದಕ್ಕಿಂತ ಎರಡು ಛಾಯೆ ಗಾಢವಾದದ್ದು, ಇಲ್ಲವೇ ಎರಡು ಛಾಯೆ ತಿಳಿಯಾದದ್ದು ತೆಗೆದುಕೊಳ್ಳಿ. ಸಮನಾದದ್ದೇ ಇದ್ದರೆ ಚೀಲಕ್ಕೆ, ಚಪ್ಪಲಿಗೆ, ಮಣಿಕಟ್ಟಿಗೆ ಇಳಿಸಿ, ಕುತ್ತಿಗೆಯ ಬಳಿ ಅರಿಶಿನವನ್ನೋ ಕೆನೆಬಣ್ಣವನ್ನೋ ತನ್ನಿ. ನಿಮ್ಮ ಇಳಕಲ್ ಸೀರೆಯಲ್ಲಿ ಮುಖದ ಬಳಿ ಬರುವುದು ಕೆಂಪು ಸೆರಗು. ಕಪ್ಪು ಮೈಗೆ ಆ ಕೆಂಪು ಕೂಡುವಂತೆ ಬೇರೆ ಯಾವುದೂ ಕೂಡುವುದಿಲ್ಲ. ಕಿವಿಗೆ ಚಿನ್ನದ ಬಣ್ಣ ಹಾಕಿ. ಬೆಳ್ಳಿ ಕಂದಿನ ಜೊತೆ ತಣ್ಣಗಾಗುತ್ತದೆ, ನನಗೆ ಹಿಡಿಸುವುದಿಲ್ಲ.

ಗುಮ್ಮಟದ ನೆರಳು, ವಿಜಯಪುರ

ಅಕ್ಕ, ಮರೆತಿದ್ದೆ. ಬಿಳಿ ಹತ್ತಿಯ ಹಳೆಯ ದುಪಟ್ಟಾ ಇದ್ದರೆ ಚಹಾದಲ್ಲಿ ಅದ್ದಿ ಕಂದು ಮಾಡಬಹುದು. ಮೊದಲು ಬಟ್ಟೆಯನ್ನು ಪಟಕದ ನೀರಿನಲ್ಲಿ ನೆನೆಸಬೇಕು. ಆಮೇಲೆ ಕಡುವಾದ ಚಹಾದ ನೀರನ್ನು ಸೋಸಿ, ಬಿಸಿಯಾಗಿರುವಾಗಲೇ ಬಟ್ಟೆ ಮುಳುಗಿಸಿ, ಆಗಾಗ ತಿರುವುತ್ತಿರಬೇಕು. ಸ್ಟೀಲ್ ಪಾತ್ರೆಯಲ್ಲೇ ಮಾಡಿ. ಮೊದಲ ಸಲ ನಾನು ಕಬ್ಬಿಣದ ಕಡಾಯಿ ಬಳಸಿದ್ದೆ, ಚಹಾದ ಒಗರು ಕಬ್ಬಿಣಕ್ಕೆ ತಾಗಿ ಬಟ್ಟೆ ಬೂದು ಕಪ್ಪಾಯಿತು. ಪಾಲಿಯೆಸ್ಟರ್ ಚಹಾ ಹಿಡಿಯುವುದೇ ಇಲ್ಲ.

ಟ್ರಂಕಿನ ಕೀಲಿ, ಬಾಗಲಕೋಟೆ

ಅಳೆದೆ! ಅಣ್ಣ ಒಂದು ತುದಿ, ನಾನು ಒಂದು ತುದಿ ಹಿಡಿದು ಪಡಸಾಲೆಯಿಂದ ಅಂಗಳದವರೆಗೆ ಹಾಸಿದೆವು. ಒಂಬತ್ತು ವಾರಕ್ಕೆ ನಾಲ್ಕು ಬೆರಳು ಕಡಿಮೆ. ಸವೆದ ಜಾಗ ಒಳತುದಿಯಿಂದ ಎರಡೂವರೆ ವಾರದಲ್ಲಿದೆ. ಕೊಂಡಿಯೂ ಬೆರಳಿಗೆ ಸಿಕ್ಕಿತು, ಇಷ್ಟು ವರ್ಷ ಅದನ್ನು ಮುಟ್ಟಿಯೂ ತಿಳಿದಿರಲಿಲ್ಲ.

ಮಗ್ಗದ ಮನೆ, ಇಳಕಲ್

ಹಾಗಾದರೆ ಚಿಂತೆಯೇ ಇಲ್ಲ. ಒಳತುದಿಯಿಂದ ಮೂರು ವಾರಕ್ಕೆ ಸ್ವಲ್ಪ ಒಳಗೇ ಗುರುತು ಹಾಕಿ. ಕತ್ತರಿ ಹಾಕುವ ಮೊದಲು ಒಂದು ಹೊಕ್ಕಿನ (ಅಡ್ಡ) ಎಳೆಯನ್ನು ಮೆಲ್ಲಗೆ ಎಳೆದು ತೆಗೆಯಿರಿ, ಆ ಗೆರೆಯ ಮೇಲೆ ಕತ್ತರಿಸಿದರೆ ಓರೆಯಾಗುವುದಿಲ್ಲ. ನಿಮಗೆ ಉಡಲು ಆರು ವಾರದ ಸೀರೆ, ಸೆರಗು ಕೊಂಡಿ ಸಮೇತ ಇಡಿಯಾಗಿ ಉಳಿಯುತ್ತದೆ. ಸವೆದದ್ದು ಬಿಟ್ಟರೂ ಎರಡು ವಾರಕ್ಕಿಂತ ಹೆಚ್ಚು ಗಟ್ಟಿ ಬಟ್ಟೆ, ಅಂಚಿನ ಸಮೇತ, ಕೈಯಲ್ಲಿರುತ್ತದೆ. ಅದರಿಂದ ಬೇಕಾದ್ದು ಮಾಡಿ, ನನ್ನ ತಕರಾರಿಲ್ಲ.

ಒಗೆಯುವಾಗ ಎಚ್ಚರ. ಹಳೆಯ ಕೆಂಪು ಬಣ್ಣ ಬಿಡಬಹುದು. ಒದ್ದೆ ಬಿಳಿ ಬಟ್ಟೆಯಿಂದ ಸೆರಗಿನ ಮೂಲೆಯನ್ನು ಒತ್ತಿ ನೋಡಿ. ಕೆಂಪು ಹತ್ತಿದರೆ ನೀರಿಗೆ ಹಾಕದೆ ಗಾಳಿಗೆ ಹರವಿ ಅಷ್ಟಕ್ಕೇ ಬಿಡಿ.

ಟ್ರಂಕಿನ ಕೀಲಿ, ಬಾಗಲಕೋಟೆ

ಮದುವೆ ನಿನ್ನೆ ಮುಗಿಯಿತು. ಇಷ್ಟು ಜನ ಕೈಹಿಡಿದು ನಡೆಸಿದಿರಿ, ಹೇಗಾಯಿತೆಂದು ಹೇಳದೆ ಇರಲಾರೆ.

ಸೀರೆಯನ್ನು ಹೇಳಿದಂತೆಯೇ ಕತ್ತರಿಸಿ ಉಟ್ಟೆ. ಸಣ್ಣ ವಸ್ತು ಮಾತ್ರ ಎಂದುಕೊಂಡಿದ್ದ ನನಗೆ ಇಡೀ ಸೀರೆಯೇ ಕಂದು ಸಿಕ್ಕಿತು, ಅಂಗಡಿಗೆ ಹೋಗದೆ. ಖಣ ಬೆರಳಿಗೆ ‘ಚರ್’ ಎಂದಿತು, ಹಾಗಾಗಿ ಸಂಚಿಯಾಯಿತು. ಅಸ್ತರ, ಲಾಡಿ, ಕೂಲಿ ಸೇರಿ 180 ರೂಪಾಯಿ. ನನ್ನದೇ ಹಳೆಯ ಚಪ್ಪಲಿಗೆ ಅಟ್ಟೆ ಹಾಕಿಸಿ ಮೂರು ರಾತ್ರಿ ಹರಳೆಣ್ಣೆ ಸವರಿದೆ. ಉಳಿದ ಬಟ್ಟೆಯ ಅಂಚನ್ನು ಬಿಡಿಸಿ ಹುಡುಗಿಯರಿಗೆ ಜಡೆಯ ಪಟ್ಟಿ ಮಾಡಿದೆ, ಐದು ಜನಕ್ಕೆ ಸಾಕಾಯಿತು. ಅವರಲ್ಲಿ ಇಬ್ಬರು ಹೊಸ ಕಂದು ಉಡುಪು ಕೊಂಡಿರಲಿಲ್ಲ. ಜಡೆಯ ಪಟ್ಟಿಯಲ್ಲೇ ಎಲ್ಲರ ಸಾಲಿಗೆ ಸೇರಿದರು.

ಆರತಕ್ಷತೆಯಲ್ಲಿ ಆಯಿಯ ತಂಗಿ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಅಷ್ಟು ಕಾಣುವುದಿಲ್ಲ. ಆಶೀರ್ವಾದಕ್ಕೆ ಬಗ್ಗಿದಾಗ ಸೆರಗು ಅವರ ಕೈಗೆ ಸಿಕ್ಕಿತು. ತೋಪುತೆನೆಯ ಮೇಲೆ ಹೆಬ್ಬೆರಳು ಆಡಿಸಿ, “ಇದು ಅಕ್ಕನದು” ಎಂದರು. ಬಹಳ ಹೊತ್ತು ಬಿಡಲಿಲ್ಲ.

ಪೀಚ್ ಬಣ್ಣದ ಸೀರೆಯನ್ನು ನಾದಿನಿಗೆ ಕೊಟ್ಟೆ. ಅವಳಿಗೆ ನನಗಿಂತ ಚೆನ್ನಾಗಿ ಒಪ್ಪುತ್ತದೆ.

ಎರೆಹೊಲ, ಜಮಖಂಡಿ

ಓದಿ ಸಂತೋಷವಾಯಿತು, ಮಗಳೇ. ಸೊಸೆಗೂ ಓದಿಸಿದೆ. ಅವಳಿಗೆ ಸಂಚಿಯ ಅಳತೆ ಬೇಕಂತೆ.

ಸೂಜಿದಾರ, ಬೆಳಗಾವಿ

ಬರೆದುಕೊಳ್ಳಲಿ. ಮೊಬೈಲ್ ಹಿಡಿಯಬೇಕಾದರೆ ಅಗಲ ಐದೂವರೆ ಇಂಚು, ಎತ್ತರ ಎಂಟು, ಮೇಲೆ ಲಾಡಿಯ ಗೂಡಿಗೆ ಇನ್ನೊಂದು ಇಂಚು. ಒಳಗಿನ ಅರೆಗಳನ್ನು ಅಸ್ತರಕ್ಕೆ ಮೊದಲೇ ಹೊಲಿದುಕೊಂಡು ಆಮೇಲೆ ಖಣಕ್ಕೆ ಕೂಡಿಸಬೇಕು. ಖಣದ ತೇರು ನೆಟ್ಟಗೆ ನಿಲ್ಲುವಂತೆ ನೋಡಿಕೊಂಡೇ ಕತ್ತರಿ ಹಾಕಲಿ. ತಲೆಕೆಳಗಾದರೆ ಬಿಚ್ಚಿ ಮತ್ತೆ ಹೊಲಿಯುವಷ್ಟು ಬಟ್ಟೆ ಒಂದು ಖಣದಲ್ಲಿ ಇರುವುದಿಲ್ಲ.